ಎಡಗೈಯ ನಾಲ್ಕು ಕೀಲಿಗಳು

ಗಣಕಯಂತ್ರದ ಮುಂದೆ ಕುಳಿತು ದಿನವಿಡೀ ದುಡಿಯುವ ಗುಮಾಸ್ತರು, ಅಧ್ಯಾಪಕರು, ಲೆಕ್ಕಪತ್ರದವರು, ಮುದ್ರಣಾಲಯದ ಡಿ.ಟಿ.ಪಿ. ಕೆಲಸಗಾರರು, ಇವರೆಲ್ಲರ ಕೈಯಿಂದಲೂ ಪ್ರತಿನಿತ್ಯ ನಡೆಯುವ, ಆದರೆ ಯಾರೂ ಯಾರಿಗೂ ಕ್ರಮವಾಗಿ ಕಲಿಸಿಕೊಡದ ಕಾರ್ಯವೊಂದುಂಟು. ಅದು ಒಂದು ಫೋಲ್ಡರನ್ನು ಇದ್ದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದು, ಇಲ್ಲವೇ ಅದರ ಪ್ರತಿಯೊಂದನ್ನು ಬೇರೊಂದೆಡೆ ಇರಿಸುವುದು. ಪತ್ರ ಬರೆಯುವುದನ್ನೂ ಕೋಷ್ಟಕ ಹಾಕುವುದನ್ನೂ ಕಂಪ್ಯೂಟರ್ ತರಗತಿಗಳಲ್ಲಿ ಹೇಳಿಕೊಡುತ್ತಾರೆ. ಈ ಸಾಗಣೆಯ ವಿದ್ಯೆಯನ್ನಾದರೋ ಪ್ರತಿಯೊಬ್ಬರೂ ಪಕ್ಕದವರ ಕೈ ನೋಡಿ ತಮಗೆ ತೋಚಿದಷ್ಟು ಕಲಿತುಕೊಳ್ಳುತ್ತಾರೆ. ಹಾಗೆ ಕಲಿತವರಿಗೆ ಕೆಲಸವೇನೋ ನಡೆಯುತ್ತದೆ. ಆದರೆ ಸಾಗಿಸುವುದು ಬೇರೆ, ಪ್ರತಿಮಾಡುವುದು ಬೇರೆ, ಮೊದಲನೆಯದರಲ್ಲಿ ಕೊನೆಗೆ ಉಳಿಯುವುದು ಒಂದೇ ವಸ್ತು, ಎರಡನೆಯದರಲ್ಲಿ ಎರಡು, ಎಂಬ ಭೇದವು ಬೆರಳುಗಳಿಗೆ ಅಭ್ಯಾಸವಾಗದೆ ಉಳಿದುಬಿಡುತ್ತದೆ. ಈ ಎರಡರಲ್ಲಿ ಯಾವುದು ತನಗೆ ಬೇಕೆಂಬುದನ್ನು ಕೆಲಸಮಾಡುವವನು ತಾನೇ ಸ್ಪಷ್ಟವಾಗಿ ಹೇಳಬೇಕೇ ಹೊರತು ಯಂತ್ರದ ಊಹೆಗೆ ಬಿಡಕೂಡದೆಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗೆ ಹೇಳುವುದಕ್ಕೆ ಬೇಕಾದ ಕೀಲಿಗಳು ಬಹುಮಟ್ಟಿಗೆ ಎಡಗೈಯ ಕೆಳಗೇ ಇವೆ.

ಊಹೆಗೆ ಬಿಟ್ಟಾಗ ಏನಾಗುತ್ತದೆಂಬುದನ್ನು ಸಮೀಪದಿಂದ ನೋಡೋಣ. ಸಂಘವೊಂದರ ವಾರ್ಷಿಕೋತ್ಸವಕ್ಕೆ ಸ್ಮರಣ ಸಂಚಿಕೆ ಸಿದ್ಧವಾಗುತ್ತಿದೆ. ತೆರೆಯ ಮೇಲೆ ‘ಲೇಖನಗಳು’, ‘ಭಾವಚಿತ್ರಗಳು’, ‘ಜಾಹೀರಾತುಗಳು’ ಎಂಬ ಮೂರು ಫೋಲ್ಡರುಗಳು ಒಂದರ ಕೆಳಗೊಂದು ನಿಂತಿವೆ. ಡಿ.ಟಿ.ಪಿ. ಕೆಲಸದ ಹುಡುಗನು ‘ಭಾವಚಿತ್ರಗಳು’ ಎಂಬುದನ್ನು ತೆರೆಯಲೆಂದು ಮೌಸಿನ ಗುಂಡಿಯನ್ನು ಒತ್ತುತ್ತಾನೆ. ಅಷ್ಟರಲ್ಲಿ ಯಾರೋ ಹೆಸರು ಹಿಡಿದು ಕರೆಯುತ್ತಾರೆ. ಒತ್ತಿದ ಬೆರಳು ಅರೆಗಳಿಗೆ ಹಾಗೆಯೇ ನಿಂತು, ಕೈ ಅಂಗುಲದಷ್ಟು ಕೆಳಕ್ಕೆ ಜಾರಿ, ಬೆರಳು ಸಡಿಲಿದೊಡನೆ ಭಾವಚಿತ್ರಗಳ ಫೋಲ್ಡರು ಜಾಹೀರಾತುಗಳ ಫೋಲ್ಡರಿನ ಒಳಗೆ ಸದ್ದಿಲ್ಲದೆ ಸೇರಿಹೋಗುತ್ತದೆ. ಯಂತ್ರವು ಪ್ರಶ್ನೆಯನ್ನು ಕೇಳುವುದಿಲ್ಲ, ಎಚ್ಚರಿಕೆಯನ್ನು ಕೊಡುವುದಿಲ್ಲ. ಕಾಲುಗಂಟೆಯ ಬಳಿಕ ಹುಡುಗ ಬೆವೆತು, “ಫೋಟೋ ಫೋಲ್ಡರ್ ಡಿಲೀಟ್ ಆಗ್ಬಿಟ್ಟಿದೆ ಸಾರ್” ಎನ್ನುತ್ತಾನೆ. ಡಿಲೀಟ್ ಆದದ್ದೇನೂ ಇಲ್ಲ. ಎಲ್ಲ ಚಿತ್ರಗಳೂ ನೆರೆಮನೆಯಲ್ಲಿ ಸುರಕ್ಷಿತವಾಗಿವೆ. ಆ ಕ್ಷಣದಲ್ಲಿಯೇ ಗಮನಿಸಿ ಕಂಟ್ರೋಲ್ ಕೀಲಿಯೊಡನೆ ಝಡ್ ಒತ್ತಿದ್ದರೆ ಫೋಲ್ಡರು ತನ್ನ ಸ್ಥಾನಕ್ಕೆ ತಾನೇ ಮರಳುತ್ತಿತ್ತು. ಮಾಯವಾದ ಫೋಲ್ಡರುಗಳನ್ನು ಹುಡುಕಿಕೊಡಿರೆಂದು ಬರುವವರಲ್ಲಿ ಹೆಚ್ಚಿನವರ ಕಥೆ ಇದೇ ಆಗಿರುತ್ತದೆ. ಅವರು ಮೊದಲು ನೋಡತಕ್ಕದ್ದು ಕಸದ ಬುಟ್ಟಿಯನ್ನಲ್ಲ, ಅಕ್ಕಪಕ್ಕದ ಫೋಲ್ಡರುಗಳ ಒಳಗನ್ನು.

ಹೀಗೆ ಎಳೆದು ಬಿಡುವುದಕ್ಕೆ ಡ್ರ್ಯಾಗ್ ಮಾಡುವುದೆನ್ನುತ್ತಾರೆ. ವಿಂಡೋಸ್ ಯಂತ್ರಗಳಲ್ಲಿ ಇದಕ್ಕೊಂದು ನಿಯಮವುಂಟು. ಅದನ್ನು ಅರಿಯದವರಿಗೆ ಯಂತ್ರದ ನಡತೆ ಇಂದೊಂದು ನಾಳೆಯೊಂದು ಎಂಬಂತೆ ತೋರುತ್ತದೆ. ಒಂದೇ ಡ್ರೈವಿನೊಳಗೆ, ಎಂದರೆ ಡಿ ಡ್ರೈವಿನ ಒಂದು ಮೂಲೆಯಿಂದ ಅದೇ ಡಿ ಡ್ರೈವಿನ ಇನ್ನೊಂದು ಮೂಲೆಗೆ ಎಳೆದುಬಿಟ್ಟರೆ ಫೋಲ್ಡರು ಸ್ಥಳಾಂತರಗೊಳ್ಳುತ್ತದೆ. ಒಂದು ಡ್ರೈವಿನಿಂದ ಇನ್ನೊಂದು ಡ್ರೈವಿಗೆ, ಪೆನ್ ಡ್ರೈವಿಗಾಗಲಿ ಹೊರಗಿನ ಹಾರ್ಡ್ ಡಿಸ್ಕಿಗಾಗಲಿ ಎಳೆದುಬಿಟ್ಟರೆ ಪ್ರತಿಯಾಗುತ್ತದೆ, ಮೂಲವು ಇದ್ದಲ್ಲಿಯೇ ಉಳಿಯುತ್ತದೆ. ಕೈಯ ಚಲನೆ ಎರಡರಲ್ಲಿಯೂ ಒಂದೇ. ಫಲ ಮಾತ್ರ ಭಿನ್ನ.

ಈ ಭೇದಕ್ಕೆ ಕಾರಣವಿಲ್ಲದೆ ಇಲ್ಲ. ಒಂದೇ ಡ್ರೈವಿನೊಳಗಿನ ಸ್ಥಳಾಂತರದಲ್ಲಿ ಫೋಲ್ಡರಿನ ಒಳಗಿರುವ ಸಾಮಗ್ರಿಯು ಡಿಸ್ಕಿನ ಮೇಲೆ ಕೂದಲೆಳೆಯಷ್ಟೂ ಕದಲುವುದಿಲ್ಲ. ಇಂಥ ಫೋಲ್ಡರು ಇಂಥ ಸ್ಥಳಕ್ಕೆ ಸೇರಿದ್ದೆಂಬ ನಮೂದು ಮಾತ್ರ ಬದಲಾಗುತ್ತದೆ. ಜಮೀನು ಕೈಬದಲಾದಾಗ ಮಣ್ಣು ಅಲ್ಲಿಯೇ ಇದ್ದು, ತಾಲ್ಲೂಕು ಕಚೇರಿಯ ಖಾತೆಯಲ್ಲಿ ಹೆಸರು ಮಾತ್ರ ತಿದ್ದಲ್ಪಡುವಂತೆ ಇದು. ಆದುದರಿಂದಲೇ ನೂರು ಜಿಬಿ ತೂಕದ ಚಲನಚಿತ್ರಗಳ ಫೋಲ್ಡರೂ ಒಂದೇ ಡ್ರೈವಿನೊಳಗೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಸಾಗಿಬಿಡುತ್ತದೆ. ಬೇರೆ ಡ್ರೈವಿಗಾದರೋ ಪ್ರತಿಯೊಂದು ಅಕ್ಷರವನ್ನೂ ಇಲ್ಲಿ ಓದಿ ಅಲ್ಲಿ ಹೊಸದಾಗಿ ಬರೆಯಬೇಕು. ‘ಸ್ಥಳಾಂತರಿಸು’ ಎಂದು ನಾವೇ ವಿಧಿಸಿದಾಗಲೂ ಯಂತ್ರವು ಮೊದಲು ಪ್ರತಿಯನ್ನು ಬರೆದು ಅನಂತರ ಮೂಲವನ್ನು ಅಳಿಸುವುದೇ ಹೊರತು ಬೇರೆ ದಾರಿಯಿಲ್ಲ. ಒಂದೇ ದೊಡ್ಡ ಕಡತಕ್ಕಿಂತ ಅಷ್ಟೇ ತೂಕದ ಸಾವಿರಾರು ಸಣ್ಣ ಕಡತಗಳು ಹೆಚ್ಚು ಹೊತ್ತು ಹಿಡಿಯುವುದೂ, ಪ್ರತಿಯೊಂದಕ್ಕೂ ಪ್ರತ್ಯೇಕವಾಗಿ ಹೊಸ ನಮೂದು ಮಾಡಬೇಕಾಗಿ ಬರುವುದರಿಂದ. ಅಂಥವನ್ನು ಮೊದಲು ಒಂದು ಜಿಪ್ ಕಡತವಾಗಿ ಕಟ್ಟಿ ಕಳುಹಿಸಿದರೆ ಸಾಗಣೆಯ ಕಾಲ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಡ್ರ್ಯಾಗ್ ಮಾಡುವವರು ಈ ನಿಯಮವನ್ನು ನೆನಪಿಟ್ಟುಕೊಳ್ಳುವ ಬದಲು ತಮ್ಮ ಇಚ್ಛೆಯನ್ನು ಕೀಲಿಯ ಮೂಲಕ ತಿಳಿಸುವ ಅಭ್ಯಾಸ ಮಾಡಿಕೊಳ್ಳುವುದು ಮೇಲು. ಬಲಗೈ ಫೋಲ್ಡರನ್ನು ಎಳೆಯುತ್ತಿರುವಾಗ ಎಡಗೈಯ ಕಿರುಬೆರಳು ಕಂಟ್ರೋಲ್ ಕೀಲಿಯನ್ನು ಒತ್ತಿಹಿಡಿದಿದ್ದರೆ, ಡ್ರೈವು ಯಾವುದೇ ಇರಲಿ, ಪ್ರತಿಯೇ ಆಗುತ್ತದೆ. ಶಿಫ್ಟ್ ಕೀಲಿಯನ್ನು ಒತ್ತಿಹಿಡಿದಿದ್ದರೆ ಸ್ಥಳಾಂತರವೇ ಆಗುತ್ತದೆ. ಆಲ್ಟ್ ಕೀಲಿಯಾದರೆ ಎರಡೂ ಅಲ್ಲ, ಮೂಲದ ಕಡೆಗೆ ಕೈತೋರಿಸುವ ಶಾರ್ಟ್‌ಕಟ್ ಒಂದು ಹುಟ್ಟುತ್ತದೆ. ಎಳೆಯುತ್ತಿರುವಾಗ ಬಾಣದ ತುದಿಯಲ್ಲಿ ತೂಗಾಡುವ ಪುಟ್ಟ ಪಟ್ಟಿಯನ್ನು ಅನೇಕರು ಓದುವುದೇ ಇಲ್ಲ. ಅದರಲ್ಲಿ ಕೂಡುವ ಚಿಹ್ನೆಯೊಡನೆ ‘ಕಾಪಿ ಟು’ ಎಂದಾಗಲಿ, ಬಾಣದ ಗುರುತಿನೊಡನೆ ‘ಮೂವ್ ಟು’ ಎಂದಾಗಲಿ, ಮುಂದೆ ತಲುಪಲಿರುವ ಫೋಲ್ಡರಿನ ಹೆಸರಿನ ಸಮೇತ ಬರೆದಿರುತ್ತದೆ. ಕಂಟ್ರೋಲ್ ಒತ್ತಿದೊಡನೆ ಆ ಬರಹ ಬದಲಾಗುವುದನ್ನು ಕಣ್ಣಾರೆ ಕಾಣಬಹುದು. ಇಲ್ಲಿ ಒಂದು ಸೂಕ್ಷ್ಮವುಂಟು. ಯಂತ್ರವು ಗಣನೆಗೆ ತೆಗೆದುಕೊಳ್ಳುವುದು ಎಳೆಯತೊಡಗಿದಾಗಿನ ಕೀಲಿಯನ್ನಲ್ಲ, ಬಿಡುವ ಕ್ಷಣದ ಕೀಲಿಯನ್ನು. ಆದಕಾರಣ ಮೊದಲು ಮೌಸಿನ ಗುಂಡಿಯನ್ನು ಬಿಟ್ಟು, ಆಮೇಲೆ ಕೀಲಿಯಿಂದ ಬೆರಳು ತೆಗೆಯಬೇಕು. ಹಾದಿಯ ಮಧ್ಯದಲ್ಲಿ ಮನಸ್ಸು ಬದಲಾದರೆ ಎಸ್ಕೇಪ್ ಕೀಲಿಯನ್ನು ಒತ್ತುವುದು; ಫೋಲ್ಡರು ಹೊರಟೇ ಇರಲಿಲ್ಲವೆಂಬಂತೆ ಎಲ್ಲವೂ ಮೊದಲಿನಂತಾಗುತ್ತದೆ.

ಕೀಲಿಗಳ ನೆನಪು ಸಾಲದವರಿಗೆ ಇನ್ನೊಂದು ಉಪಾಯವಿದೆ. ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಮೌಸಿನ ಎಡಗುಂಡಿಯ ಬದಲು ಬಲಗುಂಡಿಯನ್ನು ಒತ್ತಿ ಎಳೆಯಿರಿ. ಬೆರಳು ಬಿಟ್ಟೊಡನೆ ಪುಟ್ಟ ಪಟ್ಟಿಯೊಂದು ತೆರೆದುಕೊಂಡು, ಇಲ್ಲಿ ಪ್ರತಿ ಇಡಲೇ, ಇಲ್ಲಿಗೆ ಸಾಗಿಸಲೇ, ಶಾರ್ಟ್‌ಕಟ್ ಮಾಡಲೇ, ಇಲ್ಲವೇ ಬಿಟ್ಟುಬಿಡಲೇ ಎಂದು ಕೇಳುತ್ತದೆ. ಇಷ್ಟು ವಿನಯವುಳ್ಳ ಈ ವಿಧಾನವು ವಿಂಡೋಸ್ 95ರ ಕಾಲದಿಂದಲೂ ಇದ್ದು, ಬಳಸುವವರು ವಿರಳವಾಗಿರುವುದು ನನಗೆ ಖೇದದ ಸಂಗತಿ.

ಯಂತ್ರವು ಊಹಿಸದೆ ಮನುಷ್ಯನ ಮಾತಿಗಾಗಿ ಕಾಯುವ ಪದ್ಧತಿಯೇ ವಾಸ್ತವವಾಗಿ ಹಳೆಯದು. 1981ರಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯು ‘ಸ್ಟಾರ್’ ಎಂಬ ಕಚೇರಿ ಗಣಕವನ್ನು ಹೊರತಂದಿತು. ತೆರೆಯ ಮೇಲೆ ಮೇಜಿನ ಚಿತ್ರ, ಅದರ ಮೇಲೆ ಕಾಗದ, ಫೋಲ್ಡರು, ಕಡತದ ಪೆಟ್ಟಿಗೆಗಳ ಪುಟ್ಟ ಚಿತ್ರಗಳು, ಎಂಬ ಇಂದಿನ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದ ಮೊದಲ ಯಂತ್ರಗಳಲ್ಲಿ ಅದು ಒಂದು. ಅದರ ಕೀಲಿಮಣೆಯಲ್ಲಿ ‘ಮೂವ್’ ಎಂದೊಂದು, ‘ಕಾಪಿ’ ಎಂದೊಂದು, ಬೇರೆಬೇರೆ ಕೀಲಿಗಳೇ ಇದ್ದುವು. ಫೋಲ್ಡರನ್ನು ಆರಿಸಿ, ಬೇಕಾದ ಕೀಲಿಯನ್ನೊತ್ತಿ, ಮುಟ್ಟಬೇಕಾದ ಸ್ಥಳವನ್ನು ತೋರಿಸಿದರಾಯಿತು. ಅದಕ್ಕೂ ಹಿಂದೆ, 1970ರ ದಶಕದ ಮಧ್ಯಭಾಗದಲ್ಲಿ, ಅದೇ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಎಂಬವರು ಟಿಮ್ ಮಾಟ್ ಎಂಬವರೊಡನೆ ಕೂಡಿ ‘ಜಿಪ್ಸಿ’ ಎಂಬ ಬರವಣಿಗೆಯ ತಂತ್ರಾಂಶವನ್ನು ರಚಿಸಿದಾಗ, ಬರಹದ ತುಣುಕನ್ನು ಕತ್ತರಿಸಿ ಬೇರೆಡೆ ಅಂಟಿಸುವ ಕಟ್ ಮತ್ತು ಪೇಸ್ಟ್ ಪದ್ಧತಿ ಇಂದು ನಾವು ಕಾಣುವ ರೂಪವನ್ನು ಪಡೆಯಿತು. ಟೆಸ್ಲರ್ 1980ರಲ್ಲಿ ಆಪಲ್ ಸಂಸ್ಥೆಯನ್ನು ಸೇರಿದರು. 1983ರ ಲಿಸಾ, 1984ರ ಮ್ಯಾಕಿಂಟಾಷ್ ಯಂತ್ರಗಳ ಮೂಲಕ ಝಡ್, ಎಕ್ಸ್, ಸಿ, ವಿ ಎಂಬ ನಾಲ್ಕು ಕೀಲಿಗಳು ಲೋಕಪ್ರಸಿದ್ಧವಾದುವು. ಮೌಸನ್ನು ಹಿಡಿದ ಬಲಗೈಗೆ ತೊಂದರೆಯಾಗದಂತೆ ಎಡಗೈಯೊಂದೇ ನಿರ್ವಹಿಸಬಲ್ಲ, ಕೀಲಿಮಣೆಯ ಕೆಳಸಾಲಿನಲ್ಲಿ ಒತ್ತೊತ್ತಾಗಿ ಕುಳಿತಿರುವ ಕೀಲಿಗಳಿವು. 2020ರ ಫೆಬ್ರವರಿಯಲ್ಲಿ ತೀರಿಕೊಂಡ ಆ ಮಹನೀಯರು ಗಣಕವನ್ನು ಸಾಮಾನ್ಯ ಮನುಷ್ಯನಿಗೆ ಸುಲಭಗೊಳಿಸಬೇಕೆಂಬ ಒಂದೇ ಹಂಬಲದಿಂದ ದುಡಿದವರು. ಅವರ ಹೆಸರನ್ನು ಗಣಕದ ತರಗತಿಯಲ್ಲಿ ಒಮ್ಮೆಯಾದರೂ ಹೇಳುವುದು ಉಚಿತ.

ವಿಂಡೋಸಿನಲ್ಲಿ ಆ ಕೀಲಿಗಳನ್ನು ಕಂಟ್ರೋಲ್ ಒತ್ತಿಹಿಡಿದು ಬಳಸುತ್ತೇವೆ. ಸಿ ಎಂದರೆ ಪ್ರತಿಗೆ ಸಿದ್ಧಪಡಿಸು, ಎಕ್ಸ್ ಎಂದರೆ ಸಾಗಣೆಗೆ ಸಿದ್ಧಪಡಿಸು, ವಿ ಎಂದರೆ ಇಲ್ಲಿ ಇಳಿಸು. ಫೋಲ್ಡರೊಂದನ್ನು ಆರಿಸಿ ಕಂಟ್ರೋಲ್ ಎಕ್ಸ್ ಒತ್ತಿದಾಗ ಅದರ ಚಿತ್ರವು ಮಸುಕಾಗುವುದಷ್ಟೆ. ಅದು ಅಳಿದುಹೋಯಿತೆಂದು ಭಯಪಡುವವರಿದ್ದಾರೆ. ವಿ ಒತ್ತುವ ತನಕ ಅದಕ್ಕೆ ಏನೂ ಆಗುವುದಿಲ್ಲ. ಎಸ್ಕೇಪ್ ಒತ್ತಿದರೆ ಮಸುಕು ಹರಿದು ಮೊದಲಿನಂತೆ ಕಾಣುತ್ತದೆ. ಬರಹದ ಸಾಲೊಂದನ್ನು ಪತ್ರದೊಳಗೆ ಕಟ್ ಮಾಡಿದಾಗ ಅದು ಆ ಕೂಡಲೇ ಮಾಯವಾಗುವುದನ್ನು ಕಂಡವರಿಗೆ ಈ ವ್ಯತ್ಯಾಸ ಗೊಂದಲ ತರುವುದು ಸಹಜವೇ.

ಇನ್ನೊಂದು ಸಂಗತಿಯನ್ನು ಇಲ್ಲಿ ತಡೆದು ಹೇಳಬೇಕು, ಏಕೆಂದರೆ ಇದನ್ನು ತಿಳಿಯದೆ ಕಷ್ಟಕ್ಕೊಳಗಾದವರನ್ನು ಬಹಳ ಕಂಡಿದ್ದೇನೆ. ಪೆನ್ ಡ್ರೈವಿನಲ್ಲಿರುವ ಫೋಲ್ಡರಿನ ಮೇಲೆ ಕಂಟ್ರೋಲ್ ಸಿ ಒತ್ತಿದಾಗ ಯಂತ್ರವು ಆ ಫೋಲ್ಡರಿನ ಸಾಮಗ್ರಿಯನ್ನು ತನ್ನೊಳಗೆ ಎತ್ತಿಟ್ಟುಕೊಳ್ಳುವುದಿಲ್ಲ. ಅದು ಎಲ್ಲಿದೆಯೆಂಬ ವಿಳಾಸವನ್ನು ಮಾತ್ರ ಕ್ಲಿಪ್‌ಬೋರ್ಡಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆದುದರಿಂದ ‘ಕಾಪಿ ಮಾಡಿಕೊಂಡೆನಲ್ಲ’ ಎಂದು ಪೆನ್ ಡ್ರೈವನ್ನು ಕಿತ್ತು ಅದರ ಒಡೆಯರ ಕೈಗಿತ್ತು, ಅವರು ಬಸ್ಸು ಹತ್ತಿದ ಮೇಲೆ ವಿ ಒತ್ತಿದರೆ ಅಂಟಿಸುವುದಕ್ಕೆ ಏನೂ ಇರುವುದಿಲ್ಲ. ಸಿ ಎಂಬುದು ಸಂಕಲ್ಪ. ಕಾರ್ಯ ನಡೆಯುವುದು ವಿ ಒತ್ತಿದಾಗ. ಹಾಗೆಯೇ ಒಂದು ಫೋಲ್ಡರಿಗೆ ಸಿ ಒತ್ತಿ, ಅಂಟಿಸುವ ಮೊದಲೇ ನಡುವೆ ಒಂದು ಸಾಲು ಬರಹಕ್ಕೆ ಮತ್ತೆ ಸಿ ಒತ್ತಿದರೆ ವಿ ಕೀಲಿಗೆ ಗೊತ್ತಿರುವುದು ಆ ಬರಹ ಮಾತ್ರ. ಫೋಲ್ಡರಿಗೆ ಮತ್ತೊಮ್ಮೆ ಸಿ ಒತ್ತಿಬರಬೇಕು.

ಝಡ್ ಕೀಲಿಯ ಉಪಕಾರವನ್ನು ಎಷ್ಟು ಹೇಳಿದರೂ ಸಾಲದು. ಸಾಗಿಸಿದ್ದನ್ನು ಅದು ಮರಳಿಸುತ್ತದೆ, ಪ್ರತಿಮಾಡಿದ್ದನ್ನು ತೆಗೆದುಹಾಕುತ್ತದೆ, ಹೆಸರು ಬದಲಿಸಿದ್ದನ್ನು ಹಳೆಯ ಹೆಸರಿಗೆ ತಿರುಗಿಸುತ್ತದೆ. ಬಹುಜನರ ಡೆಸ್ಕ್‌ಟಾಪಿನಲ್ಲಿ ಹೆಸರಿನ ಕೊನೆಗೆ ‘ಕಾಪಿ’ ಎಂಬ ಬಾಲ ಹೊತ್ತ ಕಡತಗಳು ತಾವಾಗಿ ಹುಟ್ಟಿಕೊಂಡಿರುವುದನ್ನು ನೋಡುತ್ತೇವೆ. ಕಂಟ್ರೋಲ್ ಹಿಡಿದು ಒಂದೊಂದಾಗಿ ಹಲವನ್ನು ಆರಿಸುವಾಗ ಮೌಸು ತುಸು ಜಾರಿದರೆ, ಕಂಟ್ರೋಲ್ ಹಿಡಿದು ಎಳೆದಂತಾಗಿ, ಆರಿಸಿದ್ದೆಲ್ಲವೂ ಅಲ್ಲಿಯೇ ಪ್ರತಿಯಾಗಿಬಿಡುತ್ತದೆ. ಈ ಬಾಲಗಳ ಮೂಲವು ಬಹುತೇಕ ಅದೇ. ಆಗಲೂ ಝಡ್ ಒತ್ತಿದರೆ ಮುಗಿಯಿತು. ಆದರೆ ಅದರ ಶಕ್ತಿಗೂ ಒಂದು ಎಲ್ಲೆಯಿದೆ: ಒಂದೇ ಹೆಸರಿನ ಹಳೆಯ ಕಡತದ ಮೇಲೆ ಹೊಸದನ್ನು ‘ರಿಪ್ಲೇಸ್’ ಮಾಡಿದರೆ, ಹೂತುಹೋದ ಆ ಹಳೆಯದನ್ನು ಝಡ್ ಎತ್ತಿಕೊಡಲಾರದು, ರೀಸೈಕಲ್ ಬಿನ್ನಿನಲ್ಲಿಯೂ ಅದು ದೊರೆಯದು.

ಈ ರಿಪ್ಲೇಸ್ ಎಂಬ ಪ್ರಶ್ನೆ ಎದುರಾಗುವ ಸಂದರ್ಭವನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳುವುದು ಅಗತ್ಯ. ‘ಲೇಖನಗಳು’ ಎಂಬ ಫೋಲ್ಡರನ್ನು ಒಯ್ದ ಸ್ಥಳದಲ್ಲಿ ಅದೇ ಹೆಸರಿನ ಫೋಲ್ಡರು ಮೊದಲೇ ಇದ್ದರೆ ವಿಂಡೋಸ್ ಎರಡನ್ನೂ ಬೆರೆಸಿ ಒಂದಾಗಿಸುತ್ತದೆ. ವಿಂಡೋಸ್ 8ರಿಂದೀಚೆಗೆ, ನಾವಾಗಿ ಸೆಟ್ಟಿಂಗ್ ಬದಲಿಸದಿದ್ದರೆ, ಬೆರೆಸಲೇ ಎಂದು ಕೇಳುವುದೂ ಇಲ್ಲ. ಒಳಗಿನ ಕಡತಗಳ ಹೆಸರುಗಳು ತಾಕಲಾಡಿದಾಗ ಮಾತ್ರ ಮೂರು ದಾರಿಗಳನ್ನು ಮುಂದಿಡುತ್ತದೆ: ಹಳೆಯದರ ಮೇಲೆ ಹೊಸದನ್ನು ಇಡುವುದು, ಅಂಥವನ್ನು ಬಿಟ್ಟು ಮುಂದೆ ಹೋಗುವುದು, ಎರಡರ ವಿವರವನ್ನೂ ಹೋಲಿಸಿ ನೋಡುವುದು. ಅವಸರದಲ್ಲಿರುವವರು ಮೊದಲನೆಯದನ್ನು ಒತ್ತುತ್ತಾರೆ, ಒತ್ತತಕ್ಕದ್ದು ಮೂರನೆಯದನ್ನು. ಅಲ್ಲಿ ಎರಡು ಕಡತಗಳ ತಾರೀಖು ಮತ್ತು ಗಾತ್ರ ಎದುರುಬದುರಾಗಿ ಕಾಣುತ್ತವೆ. ಎರಡಕ್ಕೂ ಗುರುತು ಹಾಕಿದರೆ ಎರಡೂ ಉಳಿದು, ಹೊಸದರ ಹೆಸರಿಗೆ ಅಂಕಿಯೊಂದು ಸೇರುತ್ತದೆ. ಆಪಲ್ ಯಂತ್ರದಿಂದ ಬಂದವರೂ ಆ ಕಡೆಗೆ ಹೋಗುವವರೂ ಇಲ್ಲಿ ವಿಶೇಷವಾಗಿ ಜಾಗರೂಕರಾಗಿರಬೇಕು, ಏಕೆಂದರೆ ಮ್ಯಾಕಿನಲ್ಲಿ ಫೋಲ್ಡರಿನ ಮೇಲೆ ‘ರಿಪ್ಲೇಸ್’ ಎಂದರೆ ಬೆರೆಯುವುದಲ್ಲ. ಹಳೆಯ ಫೋಲ್ಡರು ಸಮಗ್ರವಾಗಿ ಹೋಗಿ ಹೊಸದು ಅದರ ಸ್ಥಾನದಲ್ಲಿ ಕೂರುತ್ತದೆ. ಮ್ಯಾಕಿನಲ್ಲಿ ಫೋಲ್ಡರನ್ನು ಕಟ್ ಮಾಡುವ ಕೀಲಿಯೂ ಇಲ್ಲ. ಕಮಾಂಡ್ ಸಿ ಒತ್ತಿ, ತಲುಪಿದ ಮೇಲೆ ಕಮಾಂಡ್ ವಿ ಒತ್ತಿದರೆ ಪ್ರತಿ, ಜೊತೆಗೆ ಆಪ್ಷನ್ ಕೀಲಿಯನ್ನೂ ಸೇರಿಸಿದರೆ ಸ್ಥಳಾಂತರ. ಹೊರಡುವಾಗ ಅಲ್ಲ, ಸೇರಿದ ಮೇಲೆ ನಿರ್ಧರಿಸುವ ಈ ಪದ್ಧತಿ ನನಗೆ ಹೆಚ್ಚು ವಿವೇಕಯುತವಾಗಿ ತೋರುತ್ತದೆ.

ದೂರದ ಸಾಗಣೆಗೆ ಎರಡು ಕಿಟಕಿಗಳನ್ನು ಅಕ್ಕಪಕ್ಕ ತೆರೆದಿಟ್ಟುಕೊಳ್ಳುವುದು ಒಳ್ಳೆಯದು. ವಿಂಡೋಸ್ ಕೀಲಿಯೊಡನೆ ಇ ಒತ್ತಿದರೆ ಎಕ್ಸ್‌ಪ್ಲೋರರ್ ತೆರೆಯುತ್ತದೆ. ಅದೇ ಕೀಲಿಯೊಡನೆ ಎಡಬಾಣ, ಬಲಬಾಣ ಒತ್ತಿದರೆ ಕಿಟಕಿ ಆಯಾ ಬದಿಯ ಅರ್ಧಕ್ಕೆ ಸರಿದು ನಿಲ್ಲುತ್ತದೆ. ಹೊಸ ಫೋಲ್ಡರಿಗೆ ಕಂಟ್ರೋಲ್, ಶಿಫ್ಟ್, ಎನ್ ಮೂರನ್ನೂ ಒಟ್ಟಿಗೆ; ಹೆಸರು ಬದಲಿಸಲು ಎಫ್ 2; ಒಂದು ಮೆಟ್ಟಿಲು ಮೇಲಕ್ಕೆ ಹೋಗಲು ಆಲ್ಟ್ ಮತ್ತು ಮೇಲುಬಾಣ. ಸಾಲಾಗಿರುವ ಫೋಲ್ಡರುಗಳಲ್ಲಿ ಮೊದಲನೆಯದನ್ನು ಒತ್ತಿ, ಶಿಫ್ಟ್ ಹಿಡಿದು ಕೊನೆಯದನ್ನು ಒತ್ತಿದರೆ ನಡುವಿನವೆಲ್ಲವೂ ಆಯ್ಕೆಯಾಗುತ್ತವೆ. ಇಷ್ಟನ್ನು ಬೆರಳಿಗೆ ರೂಢಿಸಿಕೊಂಡವರಿಗೆ ಮೆನುಗಳ ಹಂಗು ಬಹುತೇಕ ತಪ್ಪುತ್ತದೆ.

ಬೆಲೆಯುಳ್ಳ ಸಾಮಗ್ರಿಯ ವಿಷಯದಲ್ಲಿ ಮಾತ್ರ ಈ ವೇಗವನ್ನು ಸ್ವಲ್ಪ ಬದಿಗಿರಿಸಬೇಕು. ಮದುವೆಯ ಚಿತ್ರಗಳು, ವರ್ಷಗಳ ಲೆಕ್ಕ, ಅಚ್ಚಿಗೆ ಹೋಗಬೇಕಾದ ಪುಸ್ತಕ ಮೊದಲಾದುವನ್ನು ಒಂದು ಡ್ರೈವಿನಿಂದ ಇನ್ನೊಂದಕ್ಕೆ ಎಂದಿಗೂ ಕಟ್ ಮಾಡಿ ಒಯ್ಯಕೂಡದು. ನಡುವೆ ಕರೆಂಟು ಹೋದರೆ, ತಂತಿ ಅಲುಗಿದರೆ, ಸಂಗ್ರಹವು ಅರ್ಧ ಇಲ್ಲಿ ಅರ್ಧ ಅಲ್ಲಿ ಎಂದಾಗುವ ಸಂಭವವುಂಟು. ಮೊದಲು ಪ್ರತಿ, ಬಳಿಕ ಪರೀಕ್ಷೆ, ಕಡೆಗೆ ಅಳಿಸುವಿಕೆ, ಇದೇ ಕ್ರಮ. ಪರೀಕ್ಷೆ ಕಷ್ಟವಲ್ಲ: ಮೂಲ ಫೋಲ್ಡರನ್ನು ಆರಿಸಿ ಆಲ್ಟ್ ಮತ್ತು ಎಂಟರ್ ಒತ್ತಿದರೆ ಅದರ ಗಾತ್ರ, ಒಳಗಿನ ಕಡತಗಳ ಮತ್ತು ಫೋಲ್ಡರುಗಳ ಸಂಖ್ಯೆ ಕಾಣುತ್ತದೆ, ಪ್ರತಿಗೂ ಹಾಗೆಯೇ ಮಾಡಿ ತಾಳೆನೋಡಬೇಕು. ಅಲ್ಲಿ ‘ಸೈಜ್’ ಎಂದೂ ‘ಸೈಜ್ ಆನ್ ಡಿಸ್ಕ್’ ಎಂದೂ ಎರಡು ಸಾಲುಗಳಿರುತ್ತವೆ. ಎರಡನೆಯದು ಡ್ರೈವಿನಿಂದ ಡ್ರೈವಿಗೆ ಬದಲಾಗುವುದು ಸ್ವಾಭಾವಿಕ, ಏಕೆಂದರೆ ಒಂದೊಂದು ಡ್ರೈವು ಒಂದೊಂದು ಅಳತೆಯ ತುಂಡುಗಳಲ್ಲಿ ಜಾಗವನ್ನು ಹಂಚುತ್ತದೆ. ಹೊಂದಬೇಕಾದ್ದು ಮೊದಲನೆಯ ಸಾಲು. ಪೆನ್ ಡ್ರೈವಿನಲ್ಲಿ ಸಾಕಷ್ಟು ಜಾಗವಿದ್ದೂ ದೊಡ್ಡ ವಿಡಿಯೋ ಒಂದು ಹೋಗಲೊಲ್ಲದಿದ್ದರೆ, ಆ ಡ್ರೈವು ಫ್ಯಾಟ್ 32 ಪದ್ಧತಿಯದಾಗಿರಬಹುದು. ಆ ಪದ್ಧತಿಯಲ್ಲಿ ಒಂದು ಕಡತವು 4 ಜಿಬಿಯನ್ನು ಮುಟ್ಟುವಂತಿಲ್ಲ. ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಮತ್ತೊಂದು, ಎಲ್ಲಕ್ಕೂ ಉದ್ದುದ್ದ ಹೆಸರು ಎಂದು ಇಡುತ್ತ ಹೋದರೆ ಇಡೀ ವಿಳಾಸವು 260 ಅಕ್ಷರಗಳ ಹಳೆಯ ಮಿತಿಯನ್ನು ತಾಕಿ ಪ್ರತಿ ನಿಂತುಹೋಗುವುದೂ ಉಂಟು. ಹೆಸರುಗಳನ್ನು ಮೊಟಕುಮಾಡುವುದೇ ಅದಕ್ಕೆ ಪರಿಹಾರ. ಕನ್ನಡದಲ್ಲಿ ಒತ್ತಕ್ಷರವೂ ಕಾಗುಣಿತದ ಚಿಹ್ನೆಯೂ ಪ್ರತ್ಯೇಕವಾಗಿ ಎಣಿಕೆಗೆ ಬರುವುದರಿಂದ ಕಣ್ಣಿಗೆ ಚಿಕ್ಕದಾಗಿ ಕಾಣುವ ಹೆಸರೂ ಲೆಕ್ಕಕ್ಕೆ ದೊಡ್ಡದಾಗುತ್ತದೆ.

ಪೆನ್ ಡ್ರೈವಿನಿಂದ ಅಳಿಸಿದ್ದು ಸಾಮಾನ್ಯವಾಗಿ ರೀಸೈಕಲ್ ಬಿನ್ನಿಗೆ ಹೋಗದೆ ನೇರವಾಗಿ ಹೋಗಿಬಿಡುತ್ತದೆಂಬುದನ್ನೂ, ಕೆಲಸ ಮುಗಿದ ಮೇಲೆ ಅದನ್ನು ‘ಇಜೆಕ್ಟ್’ ಮಾಡಿಯೇ ತೆಗೆಯಬೇಕೆಂಬುದನ್ನೂ ತಿಳಿದವರೇ ಹೆಚ್ಚು. ನಮ್ಮ ಮುದ್ರಣಾಲಯಗಳಿಗೂ ಲೇಖಕರಿಗೂ ಸಂಬಂಧಿಸಿದ ಇನ್ನೊಂದು ವಿಚಾರವನ್ನು ತಿಳಿದವರು ಕಡಿಮೆ. ಯೂನಿಕೋಡ್ ರೂಢಿಗೆ ಬರುವ ಮುಂಚೆ ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದಿಟ್ಟ ಪುಸ್ತಕಗಳು ಇಂದಿಗೂ ಅನೇಕರ ಹಾರ್ಡ್ ಡಿಸ್ಕುಗಳಲ್ಲಿವೆ. ಅಂಥ ಫೋಲ್ಡರನ್ನು ಎಷ್ಟೇ ಜಾಗ್ರತೆಯಿಂದ ಬೇರೊಂದು ಯಂತ್ರಕ್ಕೆ ಒಯ್ದರೂ, ಫಾಂಟು ಮಾತ್ರ ಹಿಂದಿನ ಯಂತ್ರದ ಫಾಂಟ್ಸ್ ಫೋಲ್ಡರಿನಲ್ಲಿಯೇ ಉಳಿದುಬಿಡುತ್ತದೆ. ಹೊಸ ಯಂತ್ರದಲ್ಲಿ ಕಡತವನ್ನು ತೆರೆದರೆ ಕನ್ನಡದ ಬದಲು ರೋಮನ್ ಲಿಪಿಯ ಅರ್ಥವಿಲ್ಲದ ಅಕ್ಷರಗಳ ರಾಶಿ ಕಣ್ಣಿಗೆ ಬೀಳುತ್ತದೆ. ಕಡತ ಕೆಟ್ಟಿತೆಂದು ಅದನ್ನು ಅಳಿಸಬಾರದು. ಆ ಫಾಂಟನ್ನು ಹಾಕಿದೊಡನೆ ಬರಹ ಓದಲು ಬರುತ್ತದೆ. ಆದಕಾರಣ ಹಳೆಯ ಪುಸ್ತಕದ ಫೋಲ್ಡರನ್ನು ಯಾರಿಗಾದರೂ ಕೊಡುವ ಮುನ್ನ ಅದರೊಳಗೇ ‘ಫಾಂಟುಗಳು’ ಎಂದೊಂದು ಫೋಲ್ಡರು ಮಾಡಿ, ಬಳಸಿದ ಫಾಂಟುಗಳ ಪ್ರತಿಯನ್ನೂ, ಪುಟಗಳು ಹೇಗೆ ಕಾಣಬೇಕೆಂಬುದಕ್ಕೆ ಸಾಕ್ಷಿಯಾಗಿ ಪಿ.ಡಿ.ಎಫ್. ಒಂದನ್ನೂ ಇರಿಸಿ, ಅನಂತರ ಕಂಟ್ರೋಲ್ ಸಿ ಒತ್ತಬೇಕು.